ಮದ್ದಿನ ಅಳತೆ: ನುಂಗಿದ್ದೆಷ್ಟು, ರಕ್ತಕ್ಕೆ ಸಂದದ್ದೆಷ್ಟು?



ಈ ತಿಂಗಳ ಅಂಕಣಕ್ಕೆ ವಿಷಯವನ್ನು ಒದಗಿಸಿದವರು ರಾಯಚೂರು ಸೀಮೆಯ ಗುಂಜಹಳ್ಳಿಯ ಒಬ್ಬ ಗೃಹಿಣಿ. ಅವರ ಮಾವನವರು ಎಪ್ಪತ್ತನ್ನು ದಾಟಿದ ಹಿರಿಯರು. ಹೃದಯದ ದೌರ್ಬಲ್ಯಕ್ಕಾಗಿ ನಾಲ್ಕು ಬಗೆಯ ಗುಳಿಗೆಗಳನ್ನು ನಿತ್ಯವೂ ಸೇವಿಸುವವರು. ಹೊತ್ತುಹೊತ್ತಿಗೆ ಗುಳಿಗೆಗಳನ್ನು ಎಣಿಸಿ ಅವರ ಕೈಗಿಡುವ ಹೊಣೆ ಈ ಸೊಸೆಯದು. ಪತ್ರದ ಸಾರಾಂಶ ಇಷ್ಟು: "ಒಂದು ಹೊತ್ತು ತಪ್ಪಿದರೆ ಮರುಹೊತ್ತು ಎರಡು ಕೊಡು, ಲೆಕ್ಕ ಸರಿಹೋಗುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಅರ್ಧ ಗುಳಿಗೆ ನುಂಗಿದರೆ ಅರ್ಧ ಗುಣವಾದರೂ ಸಿಕ್ಕೇ ಸಿಗುತ್ತದೆ, ತಿಂಗಳ ಮದ್ದು ಎರಡು ತಿಂಗಳು ಬರುತ್ತದೆ ಎಂದು ಮಾವನವರು ಹೇಳುತ್ತಾರೆ. ಇಬ್ಬರಲ್ಲಿ ಯಾರ ಲೆಕ್ಕ ಸರಿ ಎಂಬುದನ್ನು ತಾವು ತಿಳಿಸಬೇಕು."

ಇದು ಒಂದು ಮನೆಯ ಪ್ರಶ್ನೆಯಲ್ಲ. ಹಿರಿಯರಿರುವ ಪ್ರತಿಯೊಂದು ಮನೆಯಲ್ಲಿಯೂ ಈ ಎರಡು ಲೆಕ್ಕಗಳು ನಡೆದೇ ಇರುತ್ತವೆ. ಒಂದು ಮರೆವಿನಿಂದ ಹುಟ್ಟಿದ ಲೆಕ್ಕ, ಮತ್ತೊಂದು ಬಡತನದಿಂದಲೋ ಮಿತವ್ಯಯದಿಂದಲೋ ಹುಟ್ಟಿದ ಲೆಕ್ಕ. ಎರಡರಲ್ಲಿಯೂ ದುರುದ್ದೇಶವಿಲ್ಲ. ಆದರೆ ಎರಡೂ ಅಂಗಡಿಯ ತಕ್ಕಡಿಯ ಲೆಕ್ಕಗಳು. ತಕ್ಕಡಿಯಲ್ಲಿ ಎರಡು ಸೇರು ಜೋಳ ಒಂದು ಸೇರಿನ ಇಮ್ಮಡಿಯೇ ಸರಿ. ದೇಹದ ಲೆಕ್ಕ ಹಾಗಲ್ಲ. ಕೆಲವು ಮದ್ದುಗಳಲ್ಲಿ ಅಳತೆಯನ್ನು ಇಮ್ಮಡಿ ಮಾಡಿದರೆ ರಕ್ತಕ್ಕೆ ಸೇರುವುದು ಇಮ್ಮಡಿಗಿಂತ ಹೆಚ್ಚು. ಅರ್ಧ ಮಾಡಿದರೆ ಸೇರುವುದು ಅರ್ಧಕ್ಕಿಂತ ಬಹಳ ಕಡಿಮೆ. ನಾವು ವೈದ್ಯರಲ್ಲ, ಮಠದ ಪಾಠಶಾಲೆಯಲ್ಲಿ ಶಾಸ್ತ್ರವನ್ನು ಓದಿದವರು. ಆದುದರಿಂದ ಯಾರ ಮದ್ದನ್ನೂ ಬದಲಿಸಲು ಇಲ್ಲಿ ಹೇಳುವುದಿಲ್ಲ. ವೈದ್ಯವಿಜ್ಞಾನವು ನಿಶ್ಚಯವಾಗಿ ಕಂಡುಕೊಂಡಿರುವುದನ್ನು ಮನೆಮಂದಿಗೆ ತಿಳಿಯುವಂತೆ ನಿರೂಪಿಸುವುದಷ್ಟೇ ನಮ್ಮ ಉದ್ದೇಶ.

ಮೊದಲು ನುಂಗಿದ ಗುಳಿಗೆಯ ದಾರಿಯನ್ನು ನೋಡೋಣ. ಗುಳಿಗೆಯು ಜಠರದಲ್ಲಿ ಕರಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಕರುಳಿನ ಗೋಡೆಯು ಅದನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡೊಡನೆ ಅದು ಹೃದಯಕ್ಕೆ ಹೋಗಿಬಿಡುತ್ತದೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಆದರೆ ಕರುಳಿನಿಂದ ಹೊರಟ ರಕ್ತವೆಲ್ಲ ಒಂದು ದೊಡ್ಡ ನಾಳದಲ್ಲಿ ಕೂಡಿಕೊಂಡು ಮೊದಲು ಯಕೃತ್ತಿಗೆ, ಅಂದರೆ ಪಿತ್ತಜನಕಾಂಗಕ್ಕೆ ಹೋಗುತ್ತದೆ. ಯಕೃತ್ತು ದೇಹದ ಸುಂಕದ ಕಟ್ಟೆ ಇದ್ದಂತೆ. ಹೊರಗಿನಿಂದ ಬಂದ ಪ್ರತಿಯೊಂದು ವಸ್ತುವನ್ನೂ ಅದು ಪರೀಕ್ಷಿಸುತ್ತದೆ, ಅಪರಿಚಿತವಾದುದನ್ನು ಒಡೆದು ನಿರುಪಯುಕ್ತಗೊಳಿಸುತ್ತದೆ. ಹೀಗೆ ಕರುಳಿನ ಗೋಡೆಯಲ್ಲಿಯೂ ಯಕೃತ್ತಿನಲ್ಲಿಯೂ ಕಳೆದುಹೋಗಿ ಉಳಿದ ಪಾಲು ಮಾತ್ರ ಹೃದಯಕ್ಕೂ ಸರ್ವಾಂಗಕ್ಕೂ ತಲುಪುತ್ತದೆ. ನುಂಗಿದ್ದು ನೂರಾದರೆ ತಲುಪಿದ್ದು ಎಷ್ಟು ಎಂಬ ಲೆಕ್ಕವನ್ನು ವೈದ್ಯರು ಔಷಧದ ಲಭ್ಯತೆ ಎಂದು ಕರೆಯುತ್ತಾರೆ.

ಈ ಲಭ್ಯತೆಯು ಅಳತೆಯೊಡನೆ ಏಕೆ ಬದಲಾಗುತ್ತದೆ ಎಂಬುದನ್ನು ನಮ್ಮ ರಾಯಚೂರು ಜಿಲ್ಲೆಯ ರೈತರಿಗೆ ವಿವರಿಸುವುದು ಸುಲಭ. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ಬಲ್ಲವರೆಲ್ಲರಿಗೂ ಕೊನೆ ಭಾಗದ ರೈತನ ಸಂಕಟ ಗೊತ್ತು. ಕಾಲುವೆಗೆ ಸ್ವಲ್ಪ ನೀರು ಬಿಟ್ಟರೆ ಮೇಲ್ಭಾಗದ ಗದ್ದೆಗಳೇ ಅದನ್ನು ಹೀರಿಬಿಡುತ್ತವೆ. ಮಾನ್ವಿ, ಸಿರವಾರ, ರಾಯಚೂರು ತಾಲೂಕುಗಳ ಕೆಳಗಿನ ಹೊಲಗಳಿಗೆ ಹನಿಯೂ ಬರುವುದಿಲ್ಲ. ಇನ್ನೂ ಸ್ವಲ್ಪ ಬಿಟ್ಟರೂ ಅದೇ ಗತಿ. ಮೇಲಿನವರ ಗದ್ದೆಗಳು ತುಂಬಿ, ಅವರ ತೂಬುಗಳು ಇನ್ನಷ್ಟು ಎಳೆಯಲಾರದಂತಾದ ಮೇಲೆ ಬಿಟ್ಟ ನೀರೆಲ್ಲ ಕೆಳಕ್ಕೆ ಹರಿಯುತ್ತದೆ. ಆಗ ಅಣೆಕಟ್ಟಿನಲ್ಲಿ ಒಂದೂವರೆ ಪಟ್ಟು ಬಿಟ್ಟರೆ ಕೊನೆಯ ಹೊಲಕ್ಕೆ ಮೂರು ಪಟ್ಟು ಬಂದೀತು. ಯಕೃತ್ತು ಮೇಲ್ಭಾಗದ ಗದ್ದೆ. ಹೃದಯ ಕೊನೆಯ ಹೊಲ. ಯಕೃತ್ತಿನ ಒಡೆಯುವ ಶಕ್ತಿಗೂ ಒಂದು ಮಿತಿಯುಂಟು. ಆ ಮಿತಿಯೊಳಗಿನ ಅಳತೆ ಅಲ್ಲಿಯೇ ಇಂಗಿಹೋಗುತ್ತದೆ. ಮಿತಿಯನ್ನು ದಾಟಿದ ಅಳತೆಯ ಬಹುಪಾಲು ಒಮ್ಮೆಗೇ ಕೆಳಕ್ಕೆ ಹರಿಯುತ್ತದೆ.

ಇದು ಕೇವಲ ಉಪಮೆಯಲ್ಲ. ಒಂದು ಪ್ರಸಿದ್ಧ ಹೃದಯೌಷಧದ ಚರಿತ್ರೆ. ಬ್ರಿಟನ್ನಿನ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಅವರು 1960ರ ದಶಕದಲ್ಲಿ ಪ್ರೊಪ್ರನೊಲಾಲ್ ಎಂಬ ಔಷಧವನ್ನು ರೂಪಿಸಿದರು. ಉದ್ವೇಗದ ಸಮಯದಲ್ಲಿ ಹೃದಯವನ್ನು ಓಡಿಸುವ ದೇಹದ್ರವದ ಪ್ರಭಾವವನ್ನು ತಡೆದು, ಹೃದಯದ ಬಡಿತವನ್ನೂ ಶ್ರಮವನ್ನೂ ತಗ್ಗಿಸುವುದು ಅದರ ಕೆಲಸ. ಎದೆನೋವಿನ ರೋಗಿಗಳ ಪಾಲಿಗೆ ಅದೊಂದು ಹೊಸ ಯುಗವನ್ನೇ ತೆರೆಯಿತು. ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ವೈದ್ಯರಿಗೆ ಒಂದು ವಿಷಯ ಸೋಜಿಗವಾಗಿತ್ತು. ರಕ್ತನಾಳಕ್ಕೆ ಚುಚ್ಚಿದರೆ ಒಂದೆರಡು ಮಿಲಿಗ್ರಾಂ ಸಾಕಾಗುವ ಔಷಧವನ್ನು ಬಾಯಿಯಿಂದ ಕೊಡುವಾಗ ನಲವತ್ತು, ಎಂಬತ್ತು ಮಿಲಿಗ್ರಾಂ ಕೊಡಬೇಕಾಗುತ್ತಿತ್ತು. ಕರುಳು ಅದನ್ನು ಹೀರಿಕೊಳ್ಳುವುದಿಲ್ಲವೇ ಎಂದು ನೋಡಿದರೆ, ಕರುಳು ಹೆಚ್ಚುಕಡಿಮೆ ಪೂರ್ತಿಯಾಗಿಯೇ ಹೀರಿಕೊಳ್ಳುತ್ತದೆ. ನುಂಗಿದ್ದರಲ್ಲಿ ಸುಮಾರು ಕಾಲು ಭಾಗ ಮಾತ್ರ ಸರ್ವಾಂಗದ ರಕ್ತಕ್ಕೆ ತಲುಪುತ್ತದೆ. ಉಳಿದ ಮುಕ್ಕಾಲು ಭಾಗವನ್ನು ಯಕೃತ್ತು ಮೊದಲ ಹಾಯುವಿಕೆಯಲ್ಲಿಯೇ ಕಳೆದುಬಿಡುತ್ತದೆ.

1972ರಲ್ಲಿ ಶಾಂಡ್ ಮತ್ತು ರಂಗ್ನೋ ಎಂಬ ಸಂಶೋಧಕರು ಬೇರೆ ಬೇರೆ ಅಳತೆಗಳನ್ನು ಕೊಟ್ಟು ರಕ್ತವನ್ನು ಪರೀಕ್ಷಿಸಿದಾಗ ಕಾಲುವೆಯ ನ್ಯಾಯವೇ ಅಲ್ಲಿ ಕಂಡುಬಂದಿತು. ಸಣ್ಣ ಅಳತೆಯನ್ನು ಒಮ್ಮೆ ಕೊಟ್ಟಾಗ ರಕ್ತದಲ್ಲಿ ಔಷಧವು ಇಲ್ಲವೆಂಬಷ್ಟು ಅತ್ಯಲ್ಪವಾಗಿತ್ತು. ಒಂದು ಹೊಸ್ತಿಲನ್ನು ದಾಟಿದ ಮೇಲೆ ಅಳತೆ ಏರಿದಂತೆ ರಕ್ತದ ಪ್ರಮಾಣವೂ ಏರತೊಡಗಿತು. ಲೆಕ್ಕದ ಅನುಕೂಲಕ್ಕಾಗಿ ಹೊಸ್ತಿಲನ್ನು ಮೂವತ್ತು ಮಿಲಿಗ್ರಾಂ ಎಂದು ಇಟ್ಟುಕೊಳ್ಳೋಣ. ಇಪ್ಪತ್ತನ್ನು ನುಂಗಿದವನಿಗೆ ದೊರೆಯುವುದು ಬಹುಮಟ್ಟಿಗೆ ಶೂನ್ಯ. ನಲವತ್ತನ್ನು ನುಂಗಿದವನಿಗೆ ಹತ್ತು. ಎಂಬತ್ತನ್ನು ನುಂಗಿದವನಿಗೆ ಐವತ್ತು. ನಲವತ್ತರಿಂದ ಎಂಬತ್ತಕ್ಕೆ ಏರಿದಾಗ ನುಂಗಿದ್ದು ಇಮ್ಮಡಿ, ದೊರೆತದ್ದು ಐದು ಮಡಿ! ನಲವತ್ತನ್ನು ಅರ್ಧಕ್ಕೆ ಇಳಿಸಿದಾಗ ದೊರೆತದ್ದು ಅರ್ಧವಲ್ಲ, ಬರಿಗೈ. ನಿಜವಾದ ದೇಹದಲ್ಲಿ ಲೆಕ್ಕ ಇಷ್ಟು ಕಡಿದಾಗಿರುವುದಿಲ್ಲ. ನಿತ್ಯವೂ ಸೇವಿಸುವವರಲ್ಲಿ ಯಕೃತ್ತು ಒಂದು ಮಟ್ಟಕ್ಕೆ ತುಂಬಿಯೇ ಇರುವುದರಿಂದ ಹೊಸ್ತಿಲು ಸೌಮ್ಯವಾಗುತ್ತದೆ. ಆದರೂ ನ್ಯಾಯ ಅದೇ. ಮೇಲಾಗಿ ಒಬ್ಬರ ಯಕೃತ್ತಿನಂತೆ ಇನ್ನೊಬ್ಬರದಿಲ್ಲ. ಒಂದೇ ಅಳತೆಯನ್ನು ನುಂಗಿದ ಇಬ್ಬರ ರಕ್ತದಲ್ಲಿ ಹಲವು ಪಟ್ಟು ವ್ಯತ್ಯಾಸ ಕಾಣುವುದುಂಟು. ಆದುದರಿಂದಲೇ ವೈದ್ಯರು ಸಣ್ಣ ಅಳತೆಯಿಂದ ಆರಂಭಿಸಿ, ನಾಡಿ ನೋಡಿ, ರಕ್ತದ ಒತ್ತಡ ನೋಡಿ, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಪಕ್ಕದ ಮನೆಯವರಿಗೆ ಒಗ್ಗಿದ ಅಳತೆ ನಮ್ಮ ತಂದೆಗೆ ಏಕೆ ಒಗ್ಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಇಂದು ಹೃದಯಕ್ಕಾಗಿ ಪ್ರೊಪ್ರನೊಲಾಲ್ ಬರೆಯುವುದು ಕಡಿಮೆಯಾಗಿದೆ. ಅದೇ ಬಳಗದ ಮೆಟೊಪ್ರೊಲಾಲ್, ಬೈಸೊಪ್ರೊಲಾಲ್ ಮುಂತಾದವು ಆ ಸ್ಥಾನಕ್ಕೆ ಬಂದಿವೆ. ಮೆಟೊಪ್ರೊಲಾಲಿನಲ್ಲಿಯೂ ಯಕೃತ್ತು ಅರ್ಧದಷ್ಟನ್ನು ಕಳೆಯುತ್ತದೆ. ಯಕೃತ್ತು ಕೆಟ್ಟವರಲ್ಲಿ, ಮದ್ಯಪಾನದಿಂದ ಅದು ಗಟ್ಟಿಯಾದವರಲ್ಲಿ ಈ ಸುಂಕದ ಕಟ್ಟೆಯೇ ಮುರಿದುಬಿದ್ದಿರುತ್ತದೆ; ಅಂಥವರಿಗೆ ಸಣ್ಣ ಅಳತೆಯೂ ದೊಡ್ಡ ಅಳತೆಯಾಗುತ್ತದೆ. ಕುಡಿತದ ವಿಷಯವನ್ನು ವೈದ್ಯರ ಮುಂದೆ ಮುಚ್ಚಿಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ಈ ಬಳಗದ ಗುಳಿಗೆಗಳ ಬಗ್ಗೆ ಇನ್ನೊಂದು ಎಚ್ಚರಿಕೆ: ಇವನ್ನು ಥಟ್ಟನೆ ನಿಲ್ಲಿಸಕೂಡದು. ತಡೆಹಿಡಿದ ಹೃದಯವು ಒಮ್ಮೆಗೇ ಬಿಡುಗಡೆಗೊಂಡು, ಎದೆನೋವು ಮೊದಲಿಗಿಂತ ಉಗ್ರವಾಗಿ ಮರುಕಳಿಸಬಹುದು.

ಯಕೃತ್ತನ್ನು ಬಳಸಿಕೊಂಡು ಹೋಗುವ ದಾರಿಯೂ ಉಂಟು. ಎದೆನೋವು ಬಂದಾಗ ನಾಲಗೆಯ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಗುಳಿಗೆಯನ್ನು ಹಲವರು ಬಲ್ಲರು. ಅದನ್ನು ಏಕೆ ನುಂಗಬಾರದು ಎಂದು ಕೇಳಿದರೆ ಬಹಳ ಜನರಿಗೆ ಉತ್ತರ ತಿಳಿಯದು. ನಾಲಗೆಯ ಕೆಳಗಿನ ರಕ್ತನಾಳಗಳು ಯಕೃತ್ತಿಗೆ ಹೋಗುವುದಿಲ್ಲ. ನೇರವಾಗಿ ಹೃದಯದ ಕಡೆಗೆ ಹರಿಯುತ್ತವೆ. ಅಲ್ಲಿ ಕರಗಿದ ಔಷಧವು ಕೆಲವೇ ನಿಮಿಷಗಳಲ್ಲಿ ತನ್ನ ಕೆಲಸವನ್ನು ಆರಂಭಿಸುತ್ತದೆ. ಅದೇ ಗುಳಿಗೆಯನ್ನು ನುಂಗಿದರೆ ಬಹುಭಾಗ ಯಕೃತ್ತಿನಲ್ಲಿ ನಷ್ಟವಾಗುತ್ತದೆ, ಸಮಯವೂ ನಷ್ಟವಾಗುತ್ತದೆ. ಈ ಬಳಗದ ಮೂಲಪುರುಷನಾದ ನೈಟ್ರೋಗ್ಲಿಸರಿನ್ ಅಂತೂ ನುಂಗಿದರೆ ಬಹುಮಟ್ಟಿಗೆ ವ್ಯರ್ಥವೇ ಆಗುತ್ತದೆ. ಎದೆನೋವಿಗೆ ಅದರ ಉಪಯೋಗವನ್ನು 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರ್ರೆಲ್ ಪ್ರಕಟಿಸಿದರು. ಸುರಂಗಗಳನ್ನು ಸಿಡಿಸುವ ಡೈನಮೈಟಿನ ತಿರುಳೂ ಅದೇ ವಸ್ತು. ಡೈನಮೈಟನ್ನು ಕಂಡುಹಿಡಿದ ಆಲ್ಫ್ರೆಡ್ ನೊಬೆಲ್ ಅವರಿಗೇ ಮುಪ್ಪಿನಲ್ಲಿ ಹೃದಯರೋಗ ಬಂದಾಗ ವೈದ್ಯರು ಅದನ್ನೇ ಬರೆದುಕೊಟ್ಟರೆಂಬುದು ಚರಿತ್ರೆಯ ಒಂದು ವಿಚಿತ್ರ. ಒಂದೇ ವಸ್ತು ಒಂದು ಅಳತೆಯಲ್ಲಿ ಬೆಟ್ಟವನ್ನು ಒಡೆಯುತ್ತದೆ, ಇನ್ನೊಂದು ಅಳತೆಯಲ್ಲಿ ಬಿಗಿದ ರಕ್ತನಾಳವನ್ನು ಸಡಿಲಿಸುತ್ತದೆ.

ಯಕೃತ್ತಿನಲ್ಲಿ ಕಳೆದುಹೋಗುವುದು ಯಾವಾಗಲೂ ನಷ್ಟವೇ ಎಂದುಕೊಳ್ಳಬೇಕಾಗಿಲ್ಲ. ಆಸ್ಪಿರಿನ್ನಿನ ಉದಾಹರಣೆಯನ್ನು ನೋಡಿರಿ. ಹೃದಯರೋಗಿಗಳಿಗೆ ಕೊಡುವ 75 ಮಿಲಿಗ್ರಾಮಿನ ಪುಟ್ಟ ಗುಳಿಗೆಯು ತಲೆನೋವಿಗೆ ನುಂಗುವ ಅಳತೆಯ ಕಾಲು ಭಾಗವೂ ಇಲ್ಲ. ಇಷ್ಟರಿಂದ ಏನಾದೀತು ಎಂದು ಮೂಗು ಮುರಿದು ದೊಡ್ಡ ಗುಳಿಗೆ ನುಂಗುವವರಿದ್ದಾರೆ. ಆಸ್ಪಿರಿನ್ನಿನ ಕೆಲಸವೆಂದರೆ ರಕ್ತವನ್ನು ಹೆಪ್ಪುಗಟ್ಟಿಸುವ ಸೂಕ್ಷ್ಮ ಕಣಗಳನ್ನು ಅವುಗಳ ಆಯುಷ್ಯದುದ್ದಕ್ಕೂ, ಎಂದರೆ ಎಂಟು-ಹತ್ತು ದಿನ, ನಿಷ್ಕ್ರಿಯಗೊಳಿಸುವುದು. ಕರುಳಿನಿಂದ ಯಕೃತ್ತಿಗೆ ಹೋಗುವ ದಾರಿಯಲ್ಲಿಯೇ ಈ ಕಣಗಳು ಆಸ್ಪಿರಿನ್ನಿಗೆ ಎದುರಾಗುತ್ತವೆ. ಸುಂಕದ ಕಟ್ಟೆಯನ್ನು ತಲುಪುವ ಮೊದಲೇ ಕೆಲಸ ಮುಗಿದಿರುತ್ತದೆ. ಆಮೇಲೆ ಯಕೃತ್ತು ಸುಮಾರು ಅರ್ಧದಷ್ಟನ್ನು ಒಡೆದರೂ ಚಿಂತೆಯಿಲ್ಲ. ಆದುದರಿಂದ ಅಳತೆ ಹೆಚ್ಚಿಸಿದರೆ ಹೃದಯಕ್ಕೆ ಹೆಚ್ಚಿನ ರಕ್ಷಣೆ ದೊರೆಯದು. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವಗಳ ಅಪಾಯ ಮಾತ್ರ ಹೆಚ್ಚುತ್ತದೆ. 1988ರಲ್ಲಿ ಪ್ರಕಟವಾದ, 17,187 ಹೃದಯಾಘಾತದ ರೋಗಿಗಳನ್ನು ಒಳಗೊಂಡ ಐಸಿಸ್-2 ಎಂಬ ಮಹಾಪರೀಕ್ಷೆಯಲ್ಲಿ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಒಂದು ತಿಂಗಳು ಕೊಟ್ಟುದರಿಂದ ಹೃದಯ ಮತ್ತು ರಕ್ತನಾಳಗಳ ಕಾರಣದ ಮರಣಗಳು ನೂರಕ್ಕೆ 23ರಷ್ಟು ತಗ್ಗಿದವು. ದೊಡ್ಡ ಫಲಕ್ಕೆ ದೊಡ್ಡ ಗುಳಿಗೆಯೇ ಬೇಕೆಂಬ ನಿಯಮವಿಲ್ಲ.

ಇನ್ನು ನೇರ ಲೆಕ್ಕದ ಮದ್ದಿನ ಕಡೆಗೆ ಬರೋಣ. ಗುಂಜಹಳ್ಳಿಯ ಹಿರಿಯರ ನಾಲ್ಕು ಗುಳಿಗೆಗಳಲ್ಲಿ ಒಂದು ಡಿಜಾಕ್ಸಿನ್. ಈ ಮದ್ದಿನ ಮೂಲ ಒಬ್ಬ ಅಜ್ಜಿಯ ಮನೆಮದ್ದು. ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಒಬ್ಬ ಮುದುಕಿ ಮೈಬಾವಿಗೆ ಇಪ್ಪತ್ತಕ್ಕೂ ಹೆಚ್ಚು ಗಿಡಮೂಲಿಕೆಗಳ ಕಷಾಯವನ್ನು ಕೊಡುತ್ತಿದ್ದಳು. ಆ ಕಷಾಯದ ವಿಷಯ 1775ರಲ್ಲಿ ವೈದ್ಯ ವಿಲಿಯಂ ವಿದರಿಂಗ್ ಅವರಿಗೆ ತಿಳಿಯಿತು. ಅದರ ಸತ್ವವೆಲ್ಲ ಡಿಜಿಟಾಲಿಸ್ ಎಂಬ ಒಂದೇ ಗಿಡದ ಎಲೆಯಲ್ಲಿದೆ ಎಂದು ಅವರು ಗುರುತಿಸಿದರು. ಹತ್ತು ವರ್ಷ ಒಬ್ಬೊಬ್ಬ ರೋಗಿಯನ್ನೂ ಗಮನಿಸಿ ಬರೆದಿಟ್ಟು 1785ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಆ ಗ್ರಂಥದ ಬೆಲೆ ಇರುವುದು ಎಲೆಯನ್ನು ಹೆಸರಿಸಿದ್ದರಲ್ಲಿ ಮಾತ್ರವಲ್ಲ, ಅಳತೆ ಮೀರಿದಾಗ ಬರುವ ವಾಂತಿ, ನಾಡಿಯ ಮಂದಗತಿ, ಕಣ್ಣಿಗೆ ವಸ್ತುಗಳು ಹಳದಿ-ಹಸಿರಾಗಿ ಕಾಣುವಿಕೆ ಮುಂತಾದ ಲಕ್ಷಣಗಳನ್ನು ಪ್ರಾಮಾಣಿಕವಾಗಿ ದಾಖಲಿಸಿದ್ದರಲ್ಲಿ. ಅದೇ ಕುಲದ ಇನ್ನೊಂದು ಗಿಡದಿಂದ 1930ರಲ್ಲಿ ಸಿಡ್ನಿ ಸ್ಮಿತ್ ಎಂಬವರು ಡಿಜಾಕ್ಸಿನನ್ನು ಬೇರ್ಪಡಿಸಿದರು.

ಡಿಜಾಕ್ಸಿನ್ ಯಕೃತ್ತಿನಲ್ಲಿ ಹೆಚ್ಚು ಕಳೆದುಹೋಗುವುದಿಲ್ಲ. ಗುಳಿಗೆಯ ಸುಮಾರು ಮೂರರಲ್ಲಿ ಎರಡು ಭಾಗ ಅಥವಾ ಅದಕ್ಕೂ ತುಸು ಹೆಚ್ಚು ರಕ್ತಕ್ಕೆ ಸಲ್ಲುತ್ತದೆ; ಅಳತೆ ಇಮ್ಮಡಿಯಾದರೆ ರಕ್ತದ ಪ್ರಮಾಣವೂ ಬಹುತೇಕ ಇಮ್ಮಡಿ. ಹಾಗಾದರೆ ಲೆಕ್ಕ ಸುಲಭವಾಯಿತಲ್ಲ ಎನ್ನಬಹುದು. ಇಲ್ಲಿರುವ ಅಪಾಯ ಬೇರೆ ಬಗೆಯದು. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಓಣಿ ಬಹಳ ಇಕ್ಕಟ್ಟು. ಹೃದಯದೌರ್ಬಲ್ಯದ ರೋಗಿಗಳ ರಕ್ತದಲ್ಲಿ ಒಂದು ಮಿಲಿಲೀಟರಿಗೆ ಅರ್ಧದಿಂದ 0.9 ನ್ಯಾನೋಗ್ರಾಂ ಇದ್ದರೆ ಸಾಕು ಎಂದು ಇಂದಿನ ವೈದ್ಯರ ಮತ. ಎರಡನ್ನು ದಾಟಿದರೆ ಕೇಡಿನ ಸಂಭವ ಹೆಚ್ಚು. ಮೇಲಾಗಿ ಅದು ದೇಹದಿಂದ ಹೊರಹೋಗುವುದು ಬಲು ನಿಧಾನ. ಆರೋಗ್ಯವಂತ ಮೂತ್ರಪಿಂಡಗಳಿದ್ದರೂ ಅರ್ಧದಷ್ಟು ಹೊರಹೋಗಲು ಒಂದೂವರೆ ಎರಡು ದಿನ ಬೇಕು. ಮೂತ್ರಪಿಂಡಗಳು ಸೋತಿದ್ದರೆ ನಾಲ್ಕೈದು ದಿನಗಳೂ ಆಗುತ್ತವೆ. ಅಂದರೆ ಇಂದಿನ ಗುಳಿಗೆ ನಿನ್ನೆಯ, ಮೊನ್ನೆಯ ಉಳಿಕೆಯ ಮೇಲೆ ಕೂಡುತ್ತದೆ. ಒಂದು ಹೊತ್ತು ತಪ್ಪಿದರೂ ರಕ್ತ ಬರಿದಾಗಿರುವುದಿಲ್ಲ. ಮರುಹೊತ್ತು ಎರಡು ಕೊಟ್ಟರೆ ಇಕ್ಕಟ್ಟಾದ ಓಣಿಯಿಂದ ರೋಗಿಯನ್ನು ಹೊರದೂಡಿದಂತಾದೀತು.

ನಮ್ಮ ಸೀಮೆಯ ಬೇಸಿಗೆಯೂ ಈ ಲೆಕ್ಕದಲ್ಲಿ ಸೇರುತ್ತದೆ. ರಾಯಚೂರಿನ ಏಪ್ರಿಲ್-ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಬೆವರಿ ದೇಹದ ನೀರು ಬತ್ತಿದಾಗ, ಭೇದಿ-ವಾಂತಿಗಳಾದಾಗ ಮೂತ್ರಪಿಂಡಗಳ ಕೆಲಸ ಕುಂದುತ್ತದೆ. ಇದರೊಡನೆ ನೀರಿಳಿಸುವ ಗುಳಿಗೆಯನ್ನೂ ಸೇವಿಸುತ್ತಿದ್ದರೆ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ; ಪೊಟ್ಯಾಸಿಯಂ ಇಳಿದಾಗ ಅದೇ ಡಿಜಾಕ್ಸಿನ್ ಹೃದಯಕ್ಕೆ ಹೆಚ್ಚು ಉಗ್ರವಾಗುತ್ತದೆ. ಗುಳಿಗೆ ಬದಲಾಗಿಲ್ಲ, ಅಳತೆ ಬದಲಾಗಿಲ್ಲ. ಋತು ಬದಲಾದುದರಿಂದಲೇ ಮದ್ದು ವಿಷದ ಕಡೆಗೆ ವಾಲಬಹುದು. ಬೇಸಿಗೆಯಲ್ಲಿ ಹಿರಿಯರಿಗೆ ಊಟ ಸೇರದಿದ್ದರೆ, ಓಕರಿಕೆ ಬಂದರೆ, ನಾಡಿ ನಿಧಾನವಾದರೆ, "ಬಿಸಿಲಿನ ಕಾಟ" ಎಂದು ಸುಮ್ಮನಿರದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಗುಳಿಗೆ ತಯಾರಾಗುವ ರೀತಿಯೂ ಮುಖ್ಯ. 1971ರಲ್ಲಿ ಅಮೆರಿಕದ ಲಿಂಡನ್‌ಬಾಮ್ ಮತ್ತು ಸಂಗಡಿಗರು ನಾಲ್ಕು ಬಗೆಯ ಡಿಜಾಕ್ಸಿನ್ ಗುಳಿಗೆಗಳನ್ನು ಹೋಲಿಸಿದರು. ಎಲ್ಲದರ ಮೇಲೂ ಒಂದೇ ಅಳತೆ ಬರೆದಿತ್ತು; ಆದರೆ ರಕ್ತದಲ್ಲಿ ಕಂಡ ಪ್ರಮಾಣದಲ್ಲಿ ಏಳು ಪಟ್ಟಿನವರೆಗೂ ಅಂತರವಿತ್ತು. ಕರಗದ ಗುಳಿಗೆಯಲ್ಲಿ ಮದ್ದಿದ್ದರೂ ಇಲ್ಲದಂತೆಯೇ. ಇಂಥ ಪ್ರಯೋಗಗಳಿಂದಾಗಿಯೇ ಬೇರೆ ಬೇರೆ ಕಂಪನಿಗಳ ಗುಳಿಗೆಗಳು ರಕ್ತದಲ್ಲಿ ಸಮಾನವಾಗಿ ದೊರೆಯುತ್ತವೆಯೇ ಎಂದು ಪರೀಕ್ಷಿಸುವ ಪದ್ಧತಿ ಲೋಕದಲ್ಲಿ ಬೆಳೆಯಿತು. ನಮ್ಮ ದೇಶದಲ್ಲಿಯೂ 2017ರಲ್ಲಿ ಸುಲಭವಾಗಿ ಕರಗದ ಔಷಧಗಳಿಗೆ ಈ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ನಿಯಮ ಬಂದಿತು. ಜನೌಷಧಿ ಅಂಗಡಿಯ ಅಗ್ಗದ ಗುಳಿಗೆಗಳನ್ನು ಅನುಮಾನಿಸಬೇಕೆಂದು ನಾವು ಹೇಳುತ್ತಿಲ್ಲ. ಬಡವರಿಗೆ ಅವು ದೊಡ್ಡ ಆಸರೆ. ಆದರೆ ಡಿಜಾಕ್ಸಿನ್‌ನಂಥ ಇಕ್ಕಟ್ಟಿನ ಮದ್ದನ್ನು ಒಂದೇ ತಯಾರಕರದನ್ನು ಮುಂದುವರಿಸುವುದು ಲೇಸು. ಬದಲಾದರೆ ಆ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

ಡಿಜಾಕ್ಸಿನ್ನಿನ ಬಂಧುವೊಂದು ನಮ್ಮ ಹಿತ್ತಲಲ್ಲಿಯೇ ಇದೆ. ಶಿವನಿಗೆ ಏರಿಸುವ ಕಣಗಿಲೆ, ಹಳದಿ ಹೂವಿನ ಕಾಡುಕಣಗಿಲೆ, ಈ ಎರಡರ ಎಲೆ, ಬೇರು, ಬೀಜಗಳಲ್ಲಿ ಡಿಜಾಕ್ಸಿನ್ ಕುಲದ ವಿಷಗಳೇ ಇವೆ. ಹೂವು ಪೂಜೆಗೆ ಶ್ರೇಷ್ಠವಾದುದರಿಂದ ಗಿಡವೂ ಔಷಧವಾಗಿರಬೇಕೆಂದು ಎಲೆಯ ಕಷಾಯ ಕುಡಿದು ಪ್ರಾಣಕ್ಕೆ ಎರವಾದವರುಂಟು. ಗುಳಿಗೆಯಲ್ಲಿ ಇಂತಿಷ್ಟೇ ಎಂದು ತೂಕ ಮಾಡಿ ಇಟ್ಟ ವಸ್ತುವಿನ ಅಳತೆಯೇ ಇಷ್ಟು ಸೂಕ್ಷ್ಮವಾಗಿರುವಾಗ, ಎಲೆಯಲ್ಲಿ ಎಷ್ಟಿದೆ ಎಂದು ಬಲ್ಲವರು ಯಾರು? ಕಣಗಿಲೆಯ ಯಾವ ಭಾಗವನ್ನೂ ಮನೆಮದ್ದಾಗಿ ಬಳಸಕೂಡದು. ಮಕ್ಕಳ ಬಾಯಿಗೆ ಅದರ ಬೀಜ ಹೋಗದಂತೆ ನೋಡಿಕೊಳ್ಳಬೇಕು.

ಇನ್ನು ಮಾವನವರ ಅರ್ಧ ಗುಳಿಗೆಯ ವಾದ. ಅವರು ಅರ್ಧ ಮಾಡಿ ನುಂಗುತ್ತಿರುವುದು ನೀರಿಳಿಸುವ ಲ್ಯಾಸಿಕ್ಸ್ ಗುಳಿಗೆಯನ್ನು ಎಂದು ಪತ್ರದಿಂದ ತಿಳಿಯುತ್ತದೆ. ಫ್ಯೂರೋಸಮೈಡ್ ಎಂಬ ಈ ಔಷಧದ ಲಭ್ಯತೆ ಸರಾಸರಿ ಅರ್ಧ. ಆದರೆ ಒಬ್ಬರಲ್ಲಿ ನೂರಕ್ಕೆ ಹತ್ತು, ಇನ್ನೊಬ್ಬರಲ್ಲಿ ತೊಂಬತ್ತು ಎನ್ನುವಷ್ಟು ಅಂತರವುಂಟು. ಹೃದಯ ಸೋತು ಕರುಳೇ ಬಾತುಕೊಂಡಾಗ ಹೀರಿಕೆ ಇನ್ನೂ ನಿಧಾನವಾಗುತ್ತದೆ. ಈ ಔಷಧಕ್ಕೆ ಒಂದು ಹೊಸ್ತಿಲಿದೆ. ಮೂತ್ರಪಿಂಡವನ್ನು ತಲುಪಿದ ಪ್ರಮಾಣ ಆ ಹೊಸ್ತಿಲನ್ನು ಮುಟ್ಟಿದರೆ ನೀರು ಇಳಿಯುತ್ತದೆ. ಮುಟ್ಟದಿದ್ದರೆ ಇಳಿಯುವುದೇ ಇಲ್ಲ. ಅಗಳಿ ತೆಗೆಯಲು ಬೇಕಾದ ಬಲದ ಅರ್ಧವನ್ನು ಹಾಕಿದರೆ ಬಾಗಿಲು ಅರ್ಧ ತೆರೆಯುವುದಿಲ್ಲವಷ್ಟೆ! ಅರ್ಧ ಗುಳಿಗೆ ನುಂಗಿ ಹಣ ಉಳಿಯಿತೆಂದು ತಿಳಿದವರು, ಕಾಲು ಬಾತು, ರಾತ್ರಿ ಮಲಗಲಾರದೆ ಏದುಸಿರು ಬಂದಾಗ, ಆ ಉಳಿಕೆಯ ಹಲವು ಪಟ್ಟನ್ನು ಆಸ್ಪತ್ರೆಗೆ ಸುರಿಯಬೇಕಾಗುತ್ತದೆ. ಮದ್ದಿನ ಬೆಲೆ ಭಾರವಾದರೆ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳುವುದರಲ್ಲಿ ಅವಮಾನವಿಲ್ಲ. ಅಗ್ಗದ ಪರ್ಯಾಯಗಳು ಇರುತ್ತವೆ. ಸರಕಾರಿ ಆಸ್ಪತ್ರೆಗಳೂ ಇವೆ.

ಗುಳಿಗೆಯನ್ನು ಮುರಿಯುವುದರಲ್ಲಿ ಇನ್ನೊಂದು ಅಪಾಯವಿದೆ. ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ಗುಳಿಗೆಗಳು ಇಂದು ಬಹಳ. ಅಂಥದನ್ನು ಕುಟ್ಟಿ ಪುಡಿ ಮಾಡಿದರೆ ಅಥವಾ ಜಗಿದರೆ, ಇಪ್ಪತ್ತನಾಲ್ಕು ಗಂಟೆಗಳ ಮದ್ದು ಒಂದೇ ಗಂಟೆಯಲ್ಲಿ ರಕ್ತಕ್ಕೆ ನುಗ್ಗುತ್ತದೆ. ಹಿಂದೆ ರಕ್ತದೊತ್ತಡ ಥಟ್ಟನೆ ಏರಿದವರಿಗೆ ನಿಫೆಡಿಪಿನ್ ಕೋಶವನ್ನು ಕಚ್ಚಿ ನುಂಗಿಸುವ ರೂಢಿ ಎಲ್ಲೆಡೆಯೂ ಇತ್ತು. ಒತ್ತಡ ಒಮ್ಮೆಗೇ ಕುಸಿದು ಪಾರ್ಶ್ವವಾಯು, ಹೃದಯಾಘಾತಗಳೇ ಸಂಭವಿಸಿದುದನ್ನು ಕಂಡು 1990ರ ದಶಕದ ಮಧ್ಯದಲ್ಲಿ ವೈದ್ಯಲೋಕವು ಆ ರೂಢಿಯನ್ನು ಕೈಬಿಡುವಂತೆ ಸಾರಿತು. ಒಟ್ಟು ಎಷ್ಟು ಸೇರಿತೆಂಬುದರಂತೆ ಎಷ್ಟು ವೇಗವಾಗಿ ಸೇರಿತೆಂಬುದೂ ಅಳತೆಯ ಒಂದು ಭಾಗ. ಗುಳಿಗೆಯ ನಡುವೆ ಗೆರೆ ಇದ್ದರೂ ವೈದ್ಯರನ್ನೋ ಔಷಧದ ಅಂಗಡಿಯವರನ್ನೋ ಕೇಳದೆ ಮುರಿಯಕೂಡದು.

ಊಟದ ಸಂಗತಿಯನ್ನೂ ಹೇಳಬೇಕು. ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್‌ಗಳನ್ನು ಊಟದೊಡನೆ ಸೇವಿಸಿದರೆ ರಕ್ತಕ್ಕೆ ಹೆಚ್ಚು ಸಲ್ಲುತ್ತವೆ. ತೌಡು, ನಾರು ಬಹಳವಾಗಿರುವ ಊಟದೊಡನೆ ಡಿಜಾಕ್ಸಿನ್ ಕಡಿಮೆ ಸಲ್ಲುತ್ತದೆ. ದ್ರಾಕ್ಷಿಹಣ್ಣಿನ ಹೆಸರು ಹೊತ್ತಿದ್ದರೂ ದ್ರಾಕ್ಷಿಯಲ್ಲದ, ಕಿತ್ತಳೆಯ ಜಾತಿಯ ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸವು ಕರುಳಿನ ಗೋಡೆಯ ಸುಂಕದ ಕಟ್ಟೆಯನ್ನೇ ಮುಚ್ಚಿಬಿಡುತ್ತದೆ ಎಂಬುದು 1989ರಲ್ಲಿ ಕೆನಡಾದ ಡೇವಿಡ್ ಬೇಲಿ ಅವರ ಪ್ರಯೋಗದಲ್ಲಿ ಅಕಸ್ಮಾತ್ತಾಗಿ ಹೊರಬಿದ್ದಿತು. ಫೆಲೊಡಿಪಿನ್ ಎಂಬ ರಕ್ತದೊತ್ತಡದ ಮದ್ದು ಅದರಿಂದ ರಕ್ತದಲ್ಲಿ ಹಲವು ಪಟ್ಟು ಏರಿತ್ತು. ಆ ಹಣ್ಣು ನಮ್ಮಲ್ಲಿ ಅಪರೂಪ. ಆದರೆ ಅದರ ಹತ್ತಿರದ ಬಂಧು ನಮ್ಮ ಚಕ್ಕೋತ. ದೇವನಹಳ್ಳಿಯ ಚಕ್ಕೋತ ನಾಡಿನಲ್ಲೆಲ್ಲ ಹೆಸರಾದುದು. ಅಂಥವೇ ವಸ್ತುಗಳು ಇದರಲ್ಲಿಯೂ ಇವೆ. ಹೃದಯದ ಗುಳಿಗೆ ಸೇವಿಸುವವರು ಚಕ್ಕೋತವನ್ನು ನಿತ್ಯದ ಆಹಾರ ಮಾಡಿಕೊಳ್ಳುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ಶ್ರಾವಣ ಸೋಮವಾರ, ಶಿವರಾತ್ರಿಗಳಂದು ಉಪವಾಸವಿರುವ ಹಿರಿಯರು ಗುಳಿಗೆಯನ್ನೂ ಬಿಟ್ಟುಬಿಡುವುದನ್ನು ನಾವು ಕಂಡಿದ್ದೇವೆ. ಉಪವಾಸ ಬಿಡಿಸಿ ಮರುದಿನ ಎರಡು ದಿನದ್ದನ್ನು ಒಮ್ಮೆಗೇ ನುಂಗುವವರೂ ಇದ್ದಾರೆ. ಮದ್ದು ಭೋಗವಲ್ಲ, ವ್ರತಕ್ಕೆ ಭಂಗ ತರುವ ವಸ್ತುವೂ ಅಲ್ಲ. ಕಾಯಕಕ್ಕೆ ಕಾಯವು ಬೇಕು ಎಂಬ ನಂಬಿಕೆಯುಳ್ಳ ಸಮಾಜ ನಮ್ಮದು. ರೋಗಿಗಳು ಉಪವಾಸಕ್ಕೆ ಮೊದಲೇ ವೈದ್ಯರನ್ನು ಕೇಳಬೇಕು. ಬೇಡವೆಂದರೆ ಹಾಲು-ಹಣ್ಣಿನೊಡನೆ ಗುಳಿಗೆ ನುಂಗಿ ಕುಳಿತಲ್ಲಿಯೇ ಶಿವಧ್ಯಾನ ಮಾಡಿದರೆ ಸಾಕು.

ಹಾಗಾದರೆ ಒಂದು ಹೊತ್ತು ತಪ್ಪಿದಾಗ ಮಾಡಬೇಕಾದುದೇನು? ಸಾಮಾನ್ಯ ನಿಯಮ ಇದು: ಸ್ವಲ್ಪ ಹೊತ್ತಿನಲ್ಲೇ ನೆನಪಾದರೆ ಆಗಲೇ ಕೊಡಬೇಕು, ಮುಂದಿನ ಹೊತ್ತು ಸಮೀಪಿಸಿದ್ದರೆ ತಪ್ಪಿದ್ದನ್ನು ಬಿಟ್ಟು ಮುಂದಿನದನ್ನು ಮಾತ್ರ ಕೊಡಬೇಕು, ಎರಡನ್ನು ಕೂಡಿಸಕೂಡದು. ಯಾವ ಗುಳಿಗೆಗೆ ಯಾವ ನಿಯಮ ಎಂಬುದನ್ನು ಮುಂದಿನ ಭೇಟಿಯಲ್ಲಿಯೇ ವೈದ್ಯರಿಂದ ಕೇಳಿ, ಮನೆಯ ಪಂಚಾಂಗದ ಬದಿಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು. ಗುಳಿಗೆಯ ಪಟ್ಟಿ, ತಯಾರಕರ ಹೆಸರು, ನುಂಗುವ ಹೊತ್ತು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಹಿರಿಯರ ಜೇಬಿನಲ್ಲಿಟ್ಟರೆ, ಜಾತ್ರೆಯಲ್ಲಿರಲಿ ಮದುವೆಯಲ್ಲಿರಲಿ ಕುಸಿದುಬಿದ್ದಾಗ ಅದೇ ಪ್ರಾಣರಕ್ಷಕ. ಎದೆ ಬಿಗಿದು ಬೆವರು ಹರಿದಾಗ ಗುಳಿಗೆಯ ಲೆಕ್ಕ ಹಾಕುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಮಾನ್ವಿ, ದೇವದುರ್ಗಗಳ ತಾಲೂಕು ಆಸ್ಪತ್ರೆ, ರಾಯಚೂರಿನ ರಿಮ್ಸ್, ಅಲ್ಲಿಂದ ಮುಂದೆ ಕಲಬುರಗಿಯ ಜಯದೇವ ಆಸ್ಪತ್ರೆ, ಇವು ನಮ್ಮ ಸೀಮೆಯವರಿಗೆ ಇರುವ ಆಸರೆಗಳು.

ಗುಂಜಹಳ್ಳಿಯ ತಾಯಿಗೆ ನಮ್ಮ ಉತ್ತರ ಹೀಗಿದೆ. ಯಜಮಾನರ ಲೆಕ್ಕವೂ ಸರಿಯಲ್ಲ, ಮಾವನವರ ಲೆಕ್ಕವೂ ಸರಿಯಲ್ಲ. ಬರೆದುಕೊಟ್ಟ ಅಳತೆಯನ್ನು ಬರೆದುಕೊಟ್ಟ ಹೊತ್ತಿಗೆ ಎಣಿಸಿ ಕೈಗಿಡುತ್ತ ಬಂದ ತಮ್ಮ ಲೆಕ್ಕವೇ ಸರಿ. ಈ ಅಂಕಣವನ್ನು ಮನೆಮಂದಿಯೆಲ್ಲ ಕುಳಿತಾಗ ಓದಿ ಹೇಳಿರಿ. ಮಾವನವರು ಅರ್ಧ ಮಾಡಿ ಉಳಿಸಿದ ಗುಳಿಗೆಗಳು ಡಬ್ಬಿಯಲ್ಲಿದ್ದರೆ, ಅವನ್ನೂ ಚೀಟಿಯನ್ನೂ ತೆಗೆದುಕೊಂಡು, ಇದೇ ವಾರ ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ಇಷ್ಟು ದಿನ ಅರ್ಧ ನುಂಗಿದವರಿಗೆ ಒಮ್ಮೆಗೇ ಪೂರ್ತಿ ಕೊಡಬೇಕೇ, ಮೆಟ್ಟಿಲಾಗಿ ಏರಿಸಬೇಕೇ ಎಂಬುದನ್ನು ಅವರೇ ನಿರ್ಣಯಿಸಲಿ.